ಬೈಬಲ್ ಬೇಕು ಸರಿ, ಯಾವುದು?

ಒಂದು ಬಳ್ಳಿಯ ಹೆಸರು ಬದಲಾದದ್ದಕ್ಕೆ ಊರ ಜನ ಬಿಷಪ್ಪರ ಮೇಲೆ ತಿರುಗಿಬಿದ್ದ ಪ್ರಸಂಗವೊಂದಿದೆ. ಊರು ಓಯಿಯಾ, ಈಗಿನ ಲಿಬಿಯಾದ ಟ್ರಿಪೊಲಿ. ಕಾಲ ಐದನೇ ಶತಮಾನದ ಆರಂಭ. ಚರ್ಚಿನಲ್ಲಿ ಪ್ರವಾದಿ ಯೋನನ ಕಥೆ ಓದುತ್ತಿದ್ದರು. ಮೀನಿನ ಹೊಟ್ಟೆಯಿಂದ ಬದುಕಿ ಬಂದ ಯೋನ ನಿನೆವೆ ಪಟ್ಟಣದ ಹೊರಗೆ ಮುನಿಸಿಕೊಂಡು ಕೂತಿದ್ದಾನೆ. ಅವನ ತಲೆಗೆ ನೆರಳಾಗಲಿ ಎಂದು ದೇವರು ಒಂದು ಗಿಡ ಬೆಳೆಸುತ್ತಾನೆ. ಅಜ್ಜ ಮುತ್ತಜ್ಜನ ಕಾಲದಿಂದ ಆ ಊರಿನವರು ಕೇಳಿಕೊಂಡು ಬಂದದ್ದು ಸೋರೆ ಬಳ್ಳಿ ಎಂದು. ಆದರೆ ಜೆರೋಮ್ ಎಂಬ ಪಂಡಿತ ಹೀಬ್ರೂ ಮೂಲ ನೋಡಿ ಹೊಸದಾಗಿ ಮಾಡಿದ ಲ್ಯಾಟಿನ್ ಅನುವಾದದಲ್ಲಿ ಅದು ಐವಿ ಬಳ್ಳಿಯಾಗಿತ್ತು. ಗದ್ದಲವೆದ್ದಿತು. ಬಿಷಪ್ಪರು ಊರಿನ ಯೆಹೂದಿಗಳನ್ನು ವಿಚಾರಿಸಿದರು. ಅವರೂ ಹಳೆಯದರ ಪರವಾಗಿಯೇ ಮಾತಾಡಿದರು. ಕೊನೆಗೆ, ಇರುವ ಸಭೆಯೂ ಖಾಲಿಯಾದೀತೆಂದು ಬಿಷಪ್ಪರು ಹಳೆಯ ಪಾಠಕ್ಕೇ ಮರಳಬೇಕಾಯಿತು. ಸಂತ ಅಗಸ್ಟೀನ್ 403ರಲ್ಲಿ ಜೆರೋಮನಿಗೆ ಬರೆದ ಕಾಗದದಲ್ಲಿ ಈ ಗದ್ದಲದ ಕಥೆ ಇದೆ. ತಮಾಷೆಯೆಂದರೆ, ಆ ಗಿಡ ಸೋರೆಯೂ ಅಲ್ಲ, ಐವಿಯೂ ಅಲ್ಲ, ನಮ್ಮ ಹಿತ್ತಲಲ್ಲೂ ಬೆಳೆಯುವ ಔಡಲ ಎಂಬುದು ಈಗಿನ ಅನೇಕ ವಿದ್ವಾಂಸರ ಊಹೆ.

ಜೆರೋಮನಿಗೆ ಬೇಕಿದ್ದದ್ದು ಮೂಲಕ್ಕೆ ಹತ್ತಿರವಾದ ಪಾಠ. ಓಯಿಯಾದವರಿಗೆ ಬೇಕಿದ್ದದ್ದು ಕಿವಿಗೆ ಪಳಗಿದ ಪಾಠ. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿಯೇ. ಅವರವರ ಕೆಲಸ ಬೇರೆ ಬೇರೆ ಇತ್ತು, ಅಷ್ಟೆ.

ಇವತ್ತು ಬೈಬಲ್ ಕೊಳ್ಳಲು ಹೋದವರ ಪಾಡೂ ಹೆಚ್ಚುಕಮ್ಮಿ ಇದೇ. ಇಂಗ್ಲಿಷ್ ಬೈಬಲಿನ ಕಪಾಟಿನ ಮುಂದೆ ನಿಂತರೆ ಕೆಜೆವಿ, ಎನ್‌ಐವಿ, ಇಎಸ್‌ವಿ, ಎನ್‌ಆರ್‌ಎಸ್‌ವಿ, ಎನ್‌ಎಲ್‌ಟಿ ಎಂದು ರೈಲ್ವೆ ಸ್ಟೇಷನ್ ಕೋಡುಗಳ ಹಾಗೆ ಸಾಲು ಸಾಲು ಅಕ್ಷರಗಳು. ಗಿರಾಕಿ ತಬ್ಬಿಬ್ಬಾಗಿ ಕೇಳುವುದು ಒಂದೇ ಪ್ರಶ್ನೆ: ‘ಇವುಗಳಲ್ಲಿ ಸರಿಯಾದದ್ದು ಯಾವುದು?’ ಈ ಪ್ರಶ್ನೆಗೆ ಅಂಗಡಿಯವನೂ ಉತ್ತರ ಹೇಳಲಾರ, ದೇವಶಾಸ್ತ್ರದ ಪ್ರೊಫೆಸರೂ ಹೇಳಲಾರ. ‘ಎಲ್ಲಿ ಕೂತು ಓದುತ್ತೀರಿ, ಯಾರ ಜೊತೆ, ಯಾತಕ್ಕೆ?’ ಎಂದು ತಿರುಗಿ ಕೇಳಿದರೆ ಮಾತ್ರ ಉತ್ತರ ಸಲೀಸು. ಯಾಕೆಂದರೆ ಈ ಅನುವಾದಗಳಲ್ಲಿ ಹೆಚ್ಚಿನವು ಯಾರದೋ ಒಂದು ಕಷ್ಟ ನೋಡಿ, ಯಾವುದೋ ಒಂದು ಜಾಗಕ್ಕೆಂದು ಹುಟ್ಟಿದವು.

ಕಿಂಗ್ ಜೇಮ್ಸ್ ಬೈಬಲ್ ಹುಟ್ಟಿದ್ದು ಕಿವಿಗೆ. 1604ರಲ್ಲಿ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ನಡೆದ ಸಭೆಯಲ್ಲಿ ಅದರ ಯೋಜನೆಯಾಯಿತು; 1611ರಲ್ಲಿ ಅಚ್ಚಾಯಿತು. ವೆಸ್ಟ್‌ಮಿನ್‌ಸ್ಟರ್, ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಸುಮಾರು 47 ವಿದ್ವಾಂಸರು ಆರು ತಂಡಗಳಾಗಿ ಕೂತು ಮಾಡಿದ ಕೆಲಸ ಅದು. ಅವರ ಸಭೆ ನಡೆಯುತ್ತಿದ್ದ ರೀತಿಯನ್ನು ಅದೇ ಕಾಲದ ಜಾನ್ ಸೆಲ್ಡನ್ ನೆನಪಿಸಿಕೊಂಡಿದ್ದಾನೆ. ಒಬ್ಬ ಗಟ್ಟಿಯಾಗಿ ಓದಬೇಕು. ಉಳಿದವರು ಕೈಯಲ್ಲಿ ಬೇರೆ ಬೇರೆ ಭಾಷೆಯ ಬೈಬಲ್ ಹಿಡಿದು ಕೇಳಿಸಿಕೊಳ್ಳಬೇಕು. ತಪ್ಪು ಕಂಡವನು ಬಾಯಿ ಬಿಡಬೇಕು, ಕಾಣದಿದ್ದರೆ ಓದು ಮುಂದೆ ಸಾಗಬೇಕು. ಹಾಗೆ ಕಿವಿಯ ಪರೀಕ್ಷೆ ದಾಟಿ ಬಂದ ವಾಕ್ಯಗಳಾದ್ದರಿಂದಲೋ ಏನೋ, ನಾಲ್ಕು ನೂರು ವರ್ಷ ಕಳೆದರೂ ಅದನ್ನು ಗಟ್ಟಿಯಾಗಿ ಓದಿದಾಗ ಉಸಿರು ಎಲ್ಲಿ ತೆಗೆದುಕೊಳ್ಳಬೇಕೋ ಅಲ್ಲೇ ನಿಲುಗಡೆ ಸಿಗುತ್ತದೆ. ಮೆಲ್ವಿಲ್‌ನ ‘ಮೊಬಿ ಡಿಕ್’ ಆಗಲಿ, ಲಿಂಕನ್ನನ ಭಾಷಣಗಳಾಗಲಿ ಈ ಲಯವನ್ನು ಕುಡಿದು ಬೆಳೆದವು. ಇಂಗ್ಲಿಷ್ ಎಂ.ಎ. ಮಾಡುವ ಹುಡುಗಿಗೆ ಈ ಬೈಬಲ್ ಇಲ್ಲದೆ ಕೆಲಸ ನಡೆಯದು. ಎನ್‌ಐವಿ ಹಿಡಿದು ಮೆಲ್ವಿಲ್‌ನ ಪ್ರತಿಧ್ವನಿಗಳನ್ನು ಹುಡುಕಿದರೆ ಸಿಗುವುದು ಅರ್ಧವೇ.

ಅದೇ ಹುಡುಗಿ ಕಥೆ ತಿಳಿಯಲೆಂದು ಕಿಂಗ್ ಜೇಮ್ಸ್ ತೆರೆದರೆ ಮತ್ತಾಯನ 20ನೇ ಅಧ್ಯಾಯದಲ್ಲೇ ಎಡವುತ್ತಾಳೆ. ದ್ರಾಕ್ಷಿತೋಟದ ಯಜಮಾನ ಕೂಲಿಯಾಳುಗಳಿಗೆ ದಿನಕ್ಕೆ ಒಂದು ಪೆನ್ನಿ ಗೊತ್ತು ಮಾಡುತ್ತಾನೆ. ಈಗಿನ ಓದುಗರ ಕಣ್ಣಿಗೆ ಅವನು ಶುದ್ಧ ಜಿಪುಣ. ಮೂಲದಲ್ಲಿರುವುದು ರೋಮನ್ನರ ಬೆಳ್ಳಿಯ ದಿನಾರಿ, ಆ ಕಾಲದ ಆಳಿನ ಒಂದು ದಿನದ ನ್ಯಾಯವಾದ ಸಂಬಳ. 1989ರ ಎನ್‌ಆರ್‌ಎಸ್‌ವಿ ನಾಣ್ಯದ ಹೆಸರನ್ನೇ ಕೈಬಿಟ್ಟು, ವಾಡಿಕೆಯ ದಿನಗೂಲಿ ಎಂಬರ್ಥ ಬರುವಂತೆ ಬರೆಯಿತು. ಯಜಮಾನನ ಮಾನ ಉಳಿಯಿತು.

ಕಿವಿಗೆ ಮಾಡಿದ ಪುಸ್ತಕ ಕಾಲ ಕಳೆದಂತೆ ತಲೆಗೆ ಹತ್ತದಾದಾಗ ಬೇರೆ ಜಾತಿಯ ಅನುವಾದಗಳು ಹುಟ್ಟಿದವು. ಎರಡನೇ ಮಹಾಯುದ್ಧದ ಹೊತ್ತು. ಲಂಡನ್ನಿನ ಮೇಲೆ ಜರ್ಮನ್ ಬಾಂಬುಗಳು ಬೀಳುತ್ತಿದ್ದವು. ನಗರದ ಆಗ್ನೇಯ ಭಾಗದ ಚರ್ಚೊಂದರಲ್ಲಿ ಜೆ.ಬಿ. ಫಿಲಿಪ್ಸ್ ಎಂಬ ಪಾದ್ರಿ ಯುವಕ ಯುವತಿಯರ ಗುಂಪಿಗೆ ಪೌಲನ ಪತ್ರಗಳನ್ನು ಓದಿ ಹೇಳುತ್ತಿದ್ದರು. ಹುಡುಗರಿಗೆ ಒಂದಕ್ಷರ ಹತ್ತುತ್ತಿರಲಿಲ್ಲ. ಫಿಲಿಪ್ಸ್ ಗ್ರೀಕ್ ಮೂಲ ಇಟ್ಟುಕೊಂಡು ಕೊಲೊಸ್ಸೆಯವರಿಗೆ ಬರೆದ ಪತ್ರವನ್ನು ಈಗಿನವರು ಬರೆಯುವ ಕಾಗದದ ಹಾಗೆ ಬರೆದರು. ಬರಹ ಸಿ.ಎಸ್. ಲೂಯಿಸ್‌ರ ಕೈಗೆ ಹೋಯಿತು. ಅವರು ಬೆನ್ನು ತಟ್ಟಿದರು, ಮುಂದೆ ಮುನ್ನುಡಿಯನ್ನೂ ಬರೆದರು. 1947ರಲ್ಲಿ ಆ ಪತ್ರಗಳೆಲ್ಲ ಪುಸ್ತಕವಾಗಿ ಬಂದವು. ನಾಳೆ ಬದುಕಿರುತ್ತೇವೋ ಇಲ್ಲವೋ ಎಂದು ಗೊತ್ತಿಲ್ಲದ ಹುಡುಗರಿಗೆ ಬರೆದ ಗದ್ಯವಾದ್ದರಿಂದ ಅದಕ್ಕೆ ಸುತ್ತಿ ಬಳಸುವ ವ್ಯವಧಾನವಿಲ್ಲ.

ಅಮೆರಿಕದಲ್ಲಿ ಕೆನೆತ್ ಟೇಲರ್‌ಗೆ ಹತ್ತು ಮಕ್ಕಳು. ರಾತ್ರಿ ಮನೆಪ್ರಾರ್ಥನೆಯಲ್ಲಿ ಓದಿದ್ದು ಮಕ್ಕಳಿಗೆ ಅರ್ಥವಾಗುತ್ತಿರಲಿಲ್ಲ. ಟೇಲರ್ ವೀಟನ್ ಊರಿನಿಂದ ಷಿಕಾಗೊಗೆ ದಿನಾ ಕೆಲಸಕ್ಕೆ ಹೋಗುವ ರೈಲಿನಲ್ಲಿ ತೊಡೆಯ ಮೇಲೆ ಕಾಗದವಿಟ್ಟುಕೊಂಡು, 1901ರ ಇಂಗ್ಲಿಷ್ ಬೈಬಲೊಂದನ್ನು ತಮ್ಮ ಮಾತಿನಲ್ಲಿ ಬಿಡಿಸಿ ಬರೆಯುತ್ತ ಹೋದರು. 1971ರಲ್ಲಿ ‘ಲಿವಿಂಗ್ ಬೈಬಲ್’ ಪೂರ್ತಿಯಾಗಿ ಬಂದಾಗ ಅಮೆರಿಕದಲ್ಲಿ ಅದರ ಮಾರಾಟಕ್ಕೆ ಎಣೆಯಿರಲಿಲ್ಲ. ಮಲಗುವ ಮುನ್ನ ಮಕ್ಕಳಿಗೆ ಓದಿ ಹೇಳಲು ಇದಕ್ಕಿಂತ ಹದವಾದದ್ದು ಸಿಗುವುದು ಕಷ್ಟ. ಆದರೆ ಅದನ್ನೇ ಹಿಡಿದು ‘ಪೌಲ ಇಲ್ಲಿ ಈ ಪದವನ್ನೇ ಯಾಕೆ ಬಳಸಿದ?’ ಎಂದು ಪ್ರಸಂಗ ಮಾಡಲು ಹೊರಟ ಬೋಧಕರ ಗತಿ ಏನು? ಆ ಪದ ಪೌಲನದಾಗಿರುವ ಬದಲು ರೈಲಿನಲ್ಲಿ ಕೂತಿದ್ದ ಟೇಲರ್‌ರದ್ದಾಗಿರುವ ಸಂಭವವೇ ಹೆಚ್ಚು.

ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿತವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಅಮೆರಿಕನ್ ಬೈಬಲ್ ಸೊಸೈಟಿ 1966ರಲ್ಲಿ ತಂದದ್ದು ‘ಗುಡ್ ನ್ಯೂಸ್’ ಹೊಸ ಒಡಂಬಡಿಕೆ. ಪದಕ್ಕೆ ಪದ ಬೇಡ, ಮೂಲದವರಿಗೆ ಆದ ಅನುಭವವೇ ಇಂದಿನವರಿಗೂ ಆಗಲಿ ಎಂಬ ಯೂಜಿನ್ ನೈಡಾ ಅವರ ಅನುವಾದ ಸಿದ್ಧಾಂತ ಅದರ ಹಿಂದಿತ್ತು. ಆ್ಯನಿ ವಾಲಟ್ಟನ್ ಎಂಬ ಸ್ವಿಸ್ ಮೂಲದ ಕಲಾವಿದೆ ಅದಕ್ಕೆ ನಾಲ್ಕೈದು ಗೆರೆಗಳಲ್ಲೇ ಮುಗಿದುಹೋಗುವ ಚಿತ್ರಗಳನ್ನು ಬರೆದುಕೊಟ್ಟರು. ಮುಖದಲ್ಲಿ ಕಣ್ಣು ಮೂಗು ಇರುವುದಿಲ್ಲ, ಆದರೂ ಅಳುವವನು ಅಳುತ್ತಿದ್ದಾನೆ ಎಂದು ಗೊತ್ತಾಗುತ್ತದೆ. ಸರಳ ಇಂಗ್ಲಿಷಿನಲ್ಲಿ ಬೈಬಲ್ ಏನು ಹೇಳುತ್ತದೆಂದು ಮೊದಲ ಸಲ ತಿಳಿಯಬೇಕೆನ್ನುವವರಿಗೆ, ಅವರು ಕ್ರೈಸ್ತರಾಗಿರಲಿ ಇಲ್ಲದಿರಲಿ, ಇದು ಸಾಕು.

ಸಾಲದು ಎನ್ನುವವರೂ ಇದ್ದಾರೆ. ಅವರಿಗೆ ಗೊಲ್ಯಾತನ ಎತ್ತರ ಸರಿಯಾಗಿ ಗೊತ್ತಾಗಬೇಕು.

ಹುಡುಗ ದಾವೀದ ಕವಣೆ ಕಲ್ಲಿನಿಂದ ಕೆಡವಿದ ಆ ದೈತ್ಯನ ಅಳತೆ ಒಂದನೇ ಸಮುವೇಲನ ಪುಸ್ತಕದ 17ನೇ ಅಧ್ಯಾಯದಲ್ಲಿದೆ. ಸಾಂಪ್ರದಾಯಿಕ ಹೀಬ್ರೂ ಪಠ್ಯದ ಪ್ರಕಾರ ಆರು ಮೊಳ ಒಂದು ಗೇಣು. ಹೂವನ್ನು ಇವತ್ತಿಗೂ ಮೊಳದ ಲೆಕ್ಕದಲ್ಲಿ ಕೊಳ್ಳುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲಿಷಿನವರಿಗೆ ಮಾತ್ರ ಅಡಿ ಅಂಗುಲಕ್ಕೆ ಇಳಿಸಿ ಹೇಳಬೇಕು. ಮೊಳಕ್ಕೆ ಒಂದೂವರೆ ಅಡಿ ಹಿಡಿದರೆ ಗೊಲ್ಯಾತ ಹತ್ತಿರ ಹತ್ತಿರ ಒಂಬತ್ತು ಮುಕ್ಕಾಲು ಅಡಿ, ಮನೆಯ ಸೂರು ಮುಟ್ಟುವ ಆಳು. ಆದರೆ ಕ್ರಿಸ್ತಪೂರ್ವ ಕಾಲದ ಗ್ರೀಕ್ ಅನುವಾದದ ಮುಖ್ಯ ಪ್ರತಿಗಳಲ್ಲಿ ಅವನು ನಾಲ್ಕು ಮೊಳ ಒಂದು ಗೇಣು. ಗ್ರೀಕರೇ ತಪ್ಪಿರಬೇಕು ಎನ್ನೋಣವೆಂದರೆ, ಮೃತಸಮುದ್ರದ ದಡದ ಕುಮ್ರಾನಿನಲ್ಲಿ 1947ರಿಂದ ಒಂದೊಂದಾಗಿ ಸಿಕ್ಕ ಸುರುಳಿಗಳ ಪೈಕಿ ಸಮುವೇಲನ ಹೀಬ್ರೂ ಪ್ರತಿಯೊಂದರ ಚೂರುಗಳೂ ಇದ್ದವು. ಅದರಲ್ಲೂ ನಾಲ್ಕು ಮೊಳ ಒಂದು ಗೇಣು! ಅಂದರೆ ಆರು ಮುಕ್ಕಾಲು ಅಡಿ. ದೈತ್ಯ ಹೋಗಿ ಬಾಸ್ಕೆಟ್‌ಬಾಲ್ ಆಟಗಾರನಾದ.

ಈಗ ಅನುವಾದಗಳನ್ನು ತೆರೆದು ನೋಡಬೇಕು. ಎನ್‌ಐವಿ ಆರು ಮೊಳವನ್ನೇ ಉಳಿಸಿಕೊಂಡು ಅಡಿಟಿಪ್ಪಣಿಯಲ್ಲಿ ಲೆಕ್ಕ ಕೊಡುತ್ತದೆ. ನೆಟ್ ಬೈಬಲ್ ಸುಮಾರು ಏಳು ಅಡಿ ಎಂದು ಹೇಳಿ, ಯಾಕೆ ಹಾಗೆ ಹೇಳಿದೆ ಎಂಬುದಕ್ಕೆ ಕೆಳಗೆ ಟಿಪ್ಪಣಿಯನ್ನೂ ಕೊಡುತ್ತದೆ. 60,000ದಷ್ಟು ಟಿಪ್ಪಣಿಗಳಿರುವ ಆ ಅನುವಾದ ಮೇಜಿನ ಮುಂದೆ ಪೆನ್ಸಿಲ್ ಹಿಡಿದು ಕೂರುವವರದು. ಬಸ್ಸಿನಲ್ಲಿ ಓದುವವರು ಅದನ್ನು ಕೊಂಡರೆ ಟಿಪ್ಪಣಿಗಳ ನಡುವೆ ಕಥೆಯೇ ಕಳೆದುಹೋಗುತ್ತದೆ. ಸಂಡೇ ಸ್ಕೂಲಿನ ಮಕ್ಕಳಿಗೆ ಒಂಬತ್ತು ಮುಕ್ಕಾಲು ಅಡಿಯ ಗೊಲ್ಯಾತನೇ ಇರಲಿ. ಹಳೆಯ ಪ್ರತಿಗಳ ಇತಿಹಾಸ ಓದುವ ವಿದ್ಯಾರ್ಥಿಗೆ ಮಾತ್ರ ಇಬ್ಬರೂ ಗೊಲ್ಯಾತರು ಬೇಕು.

ಗುಂಪಾಗಿ ಕೂತು ಓದುವವರಿಗೆ ಇನ್ನೊಂದು ಕಷ್ಟ ಎದುರಾಗುತ್ತದೆ. ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯ ಓದುತ್ತಿದ್ದಾರೆ. ಇಥಿಯೋಪಿಯದ ಅಧಿಕಾರಿ ರಥದಲ್ಲಿ ಕೂತು ಯೆಶಾಯನನ್ನು ಓದುತ್ತಿರುವಾಗ ಫಿಲಿಪ್ಪ ಬಂದು ಅರ್ಥ ಹೇಳುವ ಪ್ರಸಂಗ. ಕಿಂಗ್ ಜೇಮ್ಸ್ ಹಿಡಿದವರು 37ನೇ ವಚನವನ್ನು ಭಕ್ತಿಯಿಂದ ಓದುತ್ತಾರೆ. ಪಕ್ಕದಲ್ಲಿ ಎನ್‌ಐವಿ ಹಿಡಿದವರು ಕನ್ನಡಕ ಏರಿಸಿ ಹುಡುಕುತ್ತಾರೆ. 36 ಆದ ಮೇಲೆ ಅವರಲ್ಲಿ ಇರುವುದು ನೇರ 38. ‘ವಚನ ಕದ್ದಿದ್ದಾರೆ’ ಎಂಬ ಮಾತು ಹುಟ್ಟುವುದು ಇಲ್ಲೇ. ಕದ್ದವರು ಯಾರೂ ಇಲ್ಲ. ಕಿಂಗ್ ಜೇಮ್ಸ್‌ನವರ ಮುಂದಿದ್ದದ್ದು ಎರಾಸ್ಮಸ್ ಎಂಬ ಪಂಡಿತ 1516ರಲ್ಲಿ ಅಚ್ಚು ಹಾಕಿಸಿದ ಗ್ರೀಕ್ ಪಠ್ಯದ ವಂಶಕ್ಕೆ ಸೇರಿದ ಪುಸ್ತಕಗಳು. ಎರಾಸ್ಮಸ್‌ಗೆ ಸಿಕ್ಕಿದ್ದು ಬೆರಳೆಣಿಕೆಯ, ಅದೂ ತಡವಾಗಿ ನಕಲಾದ ಹಸ್ತಪ್ರತಿಗಳು. ಆಮೇಲೆ ಸೀನಾಯಿ ಬೆಟ್ಟದ ಬುಡದ ಸಂತ ಕ್ಯಾಥರೀನ್ ಮಠದಲ್ಲಿ ಟಿಶೆನ್‌ಡಾರ್ಫ್ ಎಂಬ ವಿದ್ವಾಂಸ ಕಂಡ ನಾಲ್ಕನೇ ಶತಮಾನದ ಪ್ರತಿಯಂಥವು ಬೆಳಕಿಗೆ ಬಂದವು. ಅವುಗಳಲ್ಲಿ ಆ ಸಾಲು ಇರಲಿಲ್ಲ. ಹೊಸ ಅನುವಾದಕರು ಅದನ್ನು ಅಡಿಟಿಪ್ಪಣಿಗೆ ಇಳಿಸಿದರು. ಆದರೆ ವಚನಗಳಿಗೆ ಅಂಕಿ ಹಾಕಿದ್ದು 1551ರಷ್ಟು ಹಿಂದೆ, ರಾಬರ್ಟ್ ಎಟಿಯೆನ್ ಎಂಬ ಮುದ್ರಕ. ಆ ಅಂಕಿ ಬದಲಿಸಿದರೆ ಜಗತ್ತಿನ ಪ್ರಸಂಗಗಳೆಲ್ಲ ಎಕ್ಕುಟ್ಟಿಹೋಗುತ್ತವೆ. ಹಾಗಾಗಿ ಹಲ್ಲು ಬಿದ್ದ ಜಾಗ ಹಾಗೇ ಉಳಿದಿದೆ. ಗುಂಪಿನ ಓದಿಗೆ ಎಲ್ಲರ ಕೈಯಲ್ಲೂ ಒಂದೇ ಅನುವಾದವಿದ್ದರೆ ಓದು ಸುಸೂತ್ರ. ಬೇರೆ ಬೇರೆ ಇದ್ದರೆ ಚರ್ಚೆ ಜೋರು. ಯಾವುದು ಬೇಕೆಂದು ಗುಂಪೇ ತೀರ್ಮಾನಿಸಬೇಕು.

ಚರ್ಚೆ ಜೋರಾಗಿ ಬೆಂಕಿಯವರೆಗೂ ಹೋದದ್ದುಂಟು. 1952ರಲ್ಲಿ ಅಮೆರಿಕದಲ್ಲಿ ಆರ್‌ಎಸ್‌ವಿ ಬೈಬಲ್ ಬಂದಾಗ ಯೆಶಾಯನ 7ನೇ ಅಧ್ಯಾಯದಲ್ಲಿ ‘ಕನ್ಯೆ’ ಇದ್ದ ಕಡೆ ‘ಯುವತಿ’ ಎಂದಿತ್ತು. ಕ್ರಿಸ್ತಜನನದ ನಂಬಿಕೆಗೇ ಕೊಡಲಿ ಬಿತ್ತೆಂದು ಉತ್ತರ ಕೆರೊಲಿನಾದ ಪಾದ್ರಿಯೊಬ್ಬರು ಆ ಹಾಳೆಯನ್ನು ಸುಟ್ಟರು. ಹೀಗೆ ಸುಟ್ಟ ಬೈಬಲೊಂದರ ಬೂದಿ ತಗಡಿನ ಡಬ್ಬಿಯಲ್ಲಿ ಅನುವಾದ ಸಮಿತಿಯ ಕೈಗೂ ಸೇರಿತು. ಹಿಂದೆ ಅನುವಾದಕರನ್ನೇ ಸುಡುತ್ತಿದ್ದರು, ಈಗ ಪುಸ್ತಕ ಮಾತ್ರ ಸುಡುತ್ತಾರೆ, ಅಷ್ಟರಮಟ್ಟಿಗೆ ಸುಧಾರಣೆ ಎಂದು ಸಮಿತಿಯಲ್ಲಿ ದುಡಿದ ಬ್ರೂಸ್ ಮೆಟ್ಸ್‌ಗರ್ ಆಮೇಲೆ ಹೇಳಿಕೊಂಡು ನಕ್ಕಿದ್ದಾರೆ. ಅದೇ ಆರ್‌ಎಸ್‌ವಿ ಮತ್ತು ಅದರ ಮಗಳು ಎನ್‌ಆರ್‌ಎಸ್‌ವಿ ಈಗ ಇಂಗ್ಲಿಷ್ ಮಾತಾಡುವ ನಾಡುಗಳ ವಿಶ್ವವಿದ್ಯಾಲಯಗಳಲ್ಲಿ ಪಾಠಕ್ಕೆ ನಿಂತಿವೆ. ಪೀಠದ ಮೇಲೆ ಕೋಪ ಬರಿಸಿದ್ದು ತರಗತಿಯಲ್ಲಿ ಗೌರವ ಪಡೆಯಿತು.

ಕೊಳ್ಳುವವರು ಮರೆಯುವ ಇನ್ನೊಂದು ಸಂಗತಿ ಪುಸ್ತಕಗಳ ಲೆಕ್ಕ. ಪ್ರೊಟೆಸ್ಟೆಂಟರ ಬೈಬಲಿನಲ್ಲಿ 66, ಕಥೋಲಿಕರದರಲ್ಲಿ 73. ತೋಬಿತ, ಯೂದಿತ, ಮಕ್ಕಬಿಯರ ಕಥೆಗಳು ಬೇಕೆಂದು ಕಥೋಲಿಕ ಗೆಳೆಯನ ಮಾತು ಕೇಳಿ ಮನೆಗೆ ಬಂದು ಹುಡುಕಿದರೆ 66ರದ್ದರಲ್ಲಿ ಅವು ಎಲ್ಲಿಂದ ಬರಬೇಕು?

ಇನ್ನು ಕನ್ನಡದ ಕಡೆಗೆ. ಇಲ್ಲಿ ಆಯ್ಕೆ ಇಂಗ್ಲಿಷಿನಷ್ಟು ವಿಪರೀತವಲ್ಲ, ಆದರೆ ಸಣ್ಣದೂ ಅಲ್ಲ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆ ನಿಂತರು. ಆ ಮಿಷನ್ನಿನವರ ದುಡಿಮೆಯಿಂದ 1831ರ ಹೊತ್ತಿಗೆ ಕನ್ನಡದಲ್ಲಿ ಇಡೀ ಬೈಬಲ್ ಅಚ್ಚಾಗಿತ್ತು. ಆಮೇಲೆ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಮೊದಲಾದವರು ಅದನ್ನು ತಿದ್ದಿದರು. ಆ ಪರಂಪರೆಯಲ್ಲಿ ಮತ್ತೆ ಮತ್ತೆ ಪರಿಷ್ಕಾರಗೊಂಡು ಬಂದದ್ದೇ ಮನೆಮನೆಯ ಕಪ್ಪು ರಟ್ಟಿನ ‘ಸತ್ಯವೇದವು’. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ಕೇಂದ್ರ ಕಚೇರಿ ಇರುವ ಭಾರತದ ಬೈಬಲ್ ಸೊಸೈಟಿ ಇದನ್ನೂ ಅಚ್ಚು ಹಾಕುತ್ತದೆ, ಸಿ.ಎಲ್. ಎಂಬ ಗುರುತಿನ ಸರಳ ಭಾಷೆಯ ಅನುವಾದವನ್ನೂ ಅಚ್ಚು ಹಾಕುತ್ತದೆ.

ಇವೆರಡರ ವ್ಯತ್ಯಾಸ ತಿಳಿಯಲು ಪಾಂಡಿತ್ಯ ಬೇಕಿಲ್ಲ. ಒಂದು ಪುಟ ಓದಿದರೆ ಸಾಕು. ಹಳೆಯದರಲ್ಲಿ ಯೇಸು ‘ಆತನು’. ಬಂದನು, ಹೇಳಿದನು, ಬೆಟ್ಟ ಹತ್ತಿದನು. ಸರಳ ಅನುವಾದದಲ್ಲಿ ‘ಯೇಸುಸ್ವಾಮಿ’. ಬಂದರು, ಹೇಳಿದರು, ಬೆಟ್ಟ ಹತ್ತಿದರು. ಇಂಗ್ಲಿಷಿನಲ್ಲಿ ಎಷ್ಟು ಅನುವಾದ ಬಂದರೂ ಈ ವ್ಯತ್ಯಾಸಕ್ಕೆ ಜಾಗವೇ ಇಲ್ಲ. ಕನ್ನಡದ ಓದುಗರಿಗೆ ಇದೇ ಮೊದಲು ಕಣ್ಣಿಗೆ ಬೀಳುವುದು. ‘ಆತನು’ ಎಂಬಲ್ಲಿ ಪುರಾಣಪುರುಷನ ಸಲಿಗೆಯೂ ದೂರವೂ ಒಟ್ಟಿಗಿವೆ, ರಾಮ ಬಂದನು, ಕೃಷ್ಣ ನಕ್ಕನು ಎನ್ನುವ ಹಾಗೆ. ‘ಅವರು’ ಎಂದೊಡನೆ ಮನೆಗೆ ಬಂದ ಗುರುಗಳು ಜಗಲಿಯ ಮೇಲೆ ಕೂತಂತಾಗುತ್ತದೆ. ಹಾಗೆಯೇ ಹಳೆಯದರಲ್ಲಿ ದೇವರು ‘ಯೆಹೋವ’; ಹೀಬ್ರೂ ಹೆಸರು ಹೊರಗಿನದೆಂದು ಗೊತ್ತಾಗುವಂತೆ ಉಳಿದಿದೆ. ಸರಳ ಅನುವಾದದಲ್ಲಿ ‘ಸರ್ವೇಶ್ವರ’. ಕೇಳಿದ ತಕ್ಷಣ ನಮ್ಮದೆನಿಸುತ್ತದೆ. ಧರ್ಮಗಳ ಇತಿಹಾಸ ಓದುವವರಿಗೆ ಮೊದಲನೆಯದರಲ್ಲಿ ಸುಳಿವು ಹೆಚ್ಚು. ವಚನ, ಕೀರ್ತನೆಗಳ ನಡುವೆ ಬೆಳೆದು ಬೈಬಲನ್ನು ಮೊದಲ ಸಲ ತೆರೆಯುವವರಿಗೆ ಎರಡನೆಯದರಲ್ಲಿ ಹೊಸ್ತಿಲು ತಗ್ಗು.

ಎಪ್ಪತ್ತು ವರ್ಷ ಹಳೆಯ ಸತ್ಯವೇದವನ್ನೇ ಓದಿದ ಅಜ್ಜಿಗೆ ಮೊಮ್ಮಗ ಪ್ರೀತಿಯಿಂದ ಹೊಸ ಅನುವಾದ ತಂದುಕೊಟ್ಟರೆ ಅವರು ಅದನ್ನು ತಲೆದಿಂಬಿನ ಪಕ್ಕಕ್ಕೆ ಸರಿಸಿ ಹಳೆಯದನ್ನೇ ತೆರೆಯುತ್ತಾರೆ. ಇದು ಹಟವಲ್ಲ. ಅವರು ಓದುವುದಕ್ಕಿಂತ ಹೆಚ್ಚಾಗಿ ನೆನಪಿಸಿಕೊಳ್ಳುತ್ತಾರೆ. ಕಣ್ಣು ಮಂಜಾದರೂ 23ನೇ ಕೀರ್ತನೆ ಬಾಯಲ್ಲಿ ತಾನಾಗಿ ಹರಿಯುತ್ತದೆ, ಅದೂ ಹಳೆಯ ಪದಗಳಲ್ಲೇ. ಬಾಯಿಪಾಠದ ಉದ್ದೇಶಕ್ಕೆ ಅನುವಾದ ಬದಲಿಸುವುದು ಅಪಾಯ. ಆ ಮೊಮ್ಮಗ ಕನ್ನಡ ಮಾತಾಡಬಲ್ಲ, ಓದಲು ತಡವರಿಸುತ್ತಾನೆ ಎಂದಾದರೆ ಅವನಿಗೆ ಬೇಕಾದದ್ದು ಸಣ್ಣ ವಾಕ್ಯಗಳ ಅನುವಾದ. ಹಳೆಯದರ ಉದ್ದ ವಾಕ್ಯದಲ್ಲಿ ಕ್ರಿಯಾಪದ ಬರುವಷ್ಟರಲ್ಲಿ ಅವನಿಗೆ ಕರ್ತೃ ಮರೆತಿರುತ್ತದೆ.

ಬೈಬಲನ್ನು ಸಾಹಿತ್ಯವೆಂದೇ ಓದಬೇಕೆನ್ನುವವರಿಗೆ ಈಚೆಗೆ ಒಬ್ಬರೇ ಕೂತು ಮಾಡಿದ ದೊಡ್ಡ ಕೆಲಸವಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಸಾಹಿತ್ಯ ಕಲಿಸಿದ ರಾಬರ್ಟ್ ಆಲ್ಟರ್ ಎರಡು ದಶಕಕ್ಕೂ ಹೆಚ್ಚು ಕಾಲ ದುಡಿದು ಇಡೀ ಹೀಬ್ರೂ ಬೈಬಲನ್ನು ಇಂಗ್ಲಿಷಿಗೆ ತಂದು 2018ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟಿಸಿದರು. ಹೀಬ್ರೂ ಕಥೆಗಾರರು ವಾಕ್ಯಕ್ಕೆ ವಾಕ್ಯ ‘ಮತ್ತು, ಮತ್ತು’ ಎಂದು ಪೋಣಿಸುತ್ತ ಹೋಗುವುದನ್ನು ಸಮಿತಿಗಳು ಅಂದ ಮಾಡಲು ಹೋಗಿ ಕತ್ತರಿಸಿದವೆಂದು ಅವರ ತಕರಾರು. ಅವರ ಅನುವಾದದಲ್ಲಿ ಆ ಪೋಣಿಕೆ ಹಾಗೇ ಇದೆ. ಆರಾಧನೆಗೆ ಅದನ್ನು ಯಾರೂ ಒಯ್ಯುವುದಿಲ್ಲ. ಯೋಬನ ಸಂಕಟವನ್ನು ಕಾವ್ಯವಾಗಿ ಓದುವವರು ಬಿಡುವುದಿಲ್ಲ.

ಅಂಗಡಿಯಲ್ಲಿ ನಿಂತೇ ಪರೀಕ್ಷೆ ಮಾಡಬೇಕೆಂದರೆ ಫಿಲೆಮೋನನಿಗೆ ಪೌಲ ಬರೆದ ಪತ್ರ ಅನುಕೂಲ. ಇರುವುದೇ 25 ವಚನ. ಒಂದು ಲೋಟ ಕಾಫಿ ಆರುವುದರೊಳಗೆ ಎರಡು ಅನುವಾದಗಳಲ್ಲಿ ಓದಿ ಮುಗಿಸಬಹುದು. ಒನೇಸಿಮ ಎಂಬ ಗುಲಾಮನ ಪರವಾಗಿ ಅವನ ಧಣಿಗೆ ಸೆರೆಮನೆಯಿಂದ ಬರೆದ ಶಿಫಾರಸು ಪತ್ರ ಅದು. ಪೌಲ ಬೇಡುತ್ತಲೂ ಇದ್ದಾನೆ, ನಯವಾಗಿ ಒತ್ತಡವನ್ನೂ ಹಾಕುತ್ತಿದ್ದಾನೆ. ಆ ಒತ್ತಡ ಯಾವ ಅನುವಾದದಲ್ಲಿ ಕೇಳಿಸುತ್ತದೋ ಅದು ಮನಸ್ಸಿಟ್ಟು ಓದಲು ಒಗ್ಗುತ್ತದೆ. ಜೊತೆಗೆ ಮುನ್ನುಡಿಯ ಮೇಲೂ ಕಣ್ಣಾಡಿಸಬೇಕು. ತಾವು ಯಾರಿಗಾಗಿ ಬರೆದೆವೆಂದು ಅನುವಾದಕರು ಅಲ್ಲೇ ಹೇಳಿಕೊಂಡಿರುತ್ತಾರೆ. ಓದದೆ ಬಿಡುವವರು ನಾವು. ಒಂದೇ ಕೊಳ್ಳಬೇಕೆಂಬ ಶಾಸ್ತ್ರವೂ ಇಲ್ಲ. ಮೊಬೈಲ್ ಆ್ಯಪ್‌ಗಳಲ್ಲಿ ಕನ್ನಡದವೂ ಇಂಗ್ಲಿಷಿನವೂ ಹಲವು ಅನುವಾದಗಳು ಪುಕ್ಕಟೆಯಾಗಿ ಸಿಗುತ್ತವೆ; ಮೇಜಿನ ಮೇಲೆ ಒಂದು, ಫೋನಿನಲ್ಲಿ ಇನ್ನೊಂದು ಇಟ್ಟುಕೊಂಡರೆ ಗೊಲ್ಯಾತನ ಎತ್ತರದಂಥ ಜಾಗ ಬಂದಾಗ ತಾಳೆ ನೋಡಬಹುದು.

ಇಷ್ಟೆಲ್ಲ ವಿಚಾರಕ್ಕೆ ಸಿಗದ ಉದ್ದೇಶವೂ ಒಂದಿದೆ. ಕ್ರೈಸ್ತ ಮದುವೆಗಳಲ್ಲಿ ಮದುಮಕ್ಕಳಿಗೆ ಬೈಬಲ್ ಉಡುಗೊರೆ ಕೊಡುವ ವಾಡಿಕೆಯುಂಟು. ಚರ್ಮದ ಹೊದಿಕೆ, ಹಾಳೆಗಳ ಅಂಚಿಗೆ ಚಿನ್ನದ ಬಣ್ಣ, ಸುತ್ತ ಜಿಪ್. ಅದು ಶೋಕೇಸಿಗೆ ಏರಿತೆಂದರೆ ಮದುಮಕ್ಕಳ ಮಗು ಶಾಲೆ ಸೇರುವವರೆಗೆ ಕೆಳಗಿಳಿಯುವುದಿಲ್ಲ. ಅಂಥದನ್ನು ಕೊಳ್ಳಲು ಬಂದ ಸೋದರಮಾವ ಅನುವಾದದ ಹೆಸರು ಕೇಳುವುದಿಲ್ಲ. ಜಿಪ್ಪನ್ನು ಆ ತುದಿಯಿಂದ ಈ ತುದಿಗೆ ಒಮ್ಮೆ ಎಳೆದು ನೋಡಿ ದುಡ್ಡು ಕೊಡುತ್ತಾರೆ.